ಚೀನಾದ ಅಜ್ಜಿ ಕೊಟ್ಟ ಪಾರ್ಸಲ್

ರಸೀನಾ, ಆ ಟಿವಿಯನ್ನು ಸ್ವಲ್ಪ ಸಣ್ಣ ಮಾಡು. ಮಕ್ಕಳು ಮಲಗಿದ್ರಲ್ಲ? ಹಾಂ... ಹಾಗಾದ್ರೆ ಬಾ, ಇಲ್ಲಿ ಕೂತ್ಕೋ.

ನಾಡಿದ್ದು ಊರಿಗೆ ಹೊರಟಿದ್ದೇನೆ, ಬಿಲ್ಡಿಂಗಿನವರೆಲ್ಲ ಪಾರ್ಸಲ್ ತಂದು ಸುರೀತಾರೆ, ಬೇಡ ಅನ್ಲಿಕ್ಕೆ ಬಾಯಿ ಬರುದಿಲ್ಲ ಅಂತ ಈಗಷ್ಟೇ ಗೋಳಾಡಿದೆಯಲ್ಲ? ಇದನ್ನು ಕೇಳು. ಕೇಳಿದ ಮೇಲೆ ತಗೊಂಡು ಹೋಗುದು ಬಿಡುದು ನಿನ್ನಿಷ್ಟ. ನಾನೇನು ನಿನ್ನ ಕೈ ಹಿಡ್ಕೊಳ್ತೇನಾ? ಆದ್ರೆ ನಡುವಲ್ಲಿ ಕಿಸಕ್ಕಂತ ನಗಬಾರದು. ನಗುವವರಿಗೆ ನಾನು ಹೇಳುದಿಲ್ಲ.

ಇದು ಎಲ್ಲಿಯೋ ಆದದ್ದಲ್ಲ. ಇದೇ ಅಬುಧಾಬಿ, ಇದೇ ಮುಸಫ್ಫಾ, ಇದೇ ಬಿಲ್ಡಿಂಗು, ನಮ್ಮ ಎದುರಿನ ಫ್ಲಾಟು. ಈಗ ಅಲ್ಲಿ ಯಾರೋ ಈಜಿಪ್ಟಿನವರಿದ್ದಾರೆ. ಅದಕ್ಕೆ ಮುಂಚೆ ಕೋಕಿಲಾ ಇದ್ದಳು. ಮೈಸೂರಿನವಳು. ಗಂಡ ಗುರುದತ್ತ, ಕಂಪ್ಯೂಟರ್ ಕೆಲಸ, ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಪಾಪದ ಜನ. ಒಬ್ಬಳೇ ಮಗಳು, ಹಿತಾ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ.

ಕೋಕಿಲಾಗೆ ಒಂದು ಚಾಳಿ ಇತ್ತು. ಯಾರು ಪಾರ್ಸಲ್ ಕೊಟ್ಟರೂ ಬೇಡ ಅನ್ನುತ್ತಿರಲಿಲ್ಲ. ಊರಿಗೆ ಹೋಗುವಾಗ ಇಲ್ಲಿಂದ ಖರ್ಜೂರ, ಹಾಲಿನ ಪುಡಿ, ಯಾರದ್ದೋ ತಂಗಿಗೆ ಸೆಂಟು. ಬರುವಾಗ ಅಲ್ಲಿಂದ ಯಾರದ್ದೋ ಅಮ್ಮ ಮಾಡಿದ ಚಟ್ನಿಪುಡಿ, ಹಪ್ಪಳ, ಬಿಪಿಯ ಮಾತ್ರೆ. ಅವಳ ಸ್ವಂತದ ಬಟ್ಟೆಗೆ ಪೆಟ್ಟಿಗೆಯ ಒಂದು ಮೂಲೆ ಉಳಿದರೆ ಪುಣ್ಯ. ಗುರುದತ್ತ ಗೊಣಗುತ್ತಿದ್ದ. ಆಗೆಲ್ಲ ಅವಳದ್ದು ಒಂದೇ ಮಾತು: "ನಾನು ಬಸುರಿಯಾಗಿ ಇಲ್ಲಿ ಒಬ್ಬಳೇ ಇದ್ದಾಗ, ನಮ್ಮಮ್ಮ ಕಟ್ಟಿದ ಅಂಟಿನುಂಡೇನ ಯಾರೋ ಮುಖಾನೂ ನೋಡದ ಪುಣ್ಯಾತ್ಮ ಹೊತ್ಕೊಂಡ್ ಬಂದ ಕಣ್ರೀ. ಅವನು ಬೇಡ ಅಂದಿದ್ರೆ?"

ಇದಕ್ಕೆ ಯಾರು ಎಂತ ಹೇಳ್ತಾರೆ?

ಆ ವರ್ಷ ಈದ್ ರಜೆಗೆ ಅವರು ಚೀನಾಕ್ಕೆ ಹೋದರು. ದೊಡ್ಡ ಪಟ್ಟಣಗಳನ್ನೆಲ್ಲ ನೋಡಿದ ಮೇಲೆ ಕೊನೆಗೆ ಬೆಟ್ಟದ ಮೇಲಿನ ಒಂದು ಹಳ್ಳಿ. ಬಹಳ ಹಳೇ ಕಾಲದ್ದಂತೆ. ಮರದ ಮನೆಗಳು, ಕಲ್ಲಿನ ಮೆಟ್ಟಿಲು, ಕಪ್ಪು ಹೆಂಚು, ಸೂರಿನಲ್ಲಿ ಕೆಂಪು ದೀಪದ ಬುಟ್ಟಿಗಳು. ಅದರ ಹೆಸರು ನನ್ನ ನಾಲಿಗೆಗೆ ಹೊರಳುದಿಲ್ಲ, ಬಿಡು. ಹಗಲಿಡೀ ಪ್ರವಾಸಿಗಳಿಗೆ ಕಾಲಿಡಲು ಜಾಗ ಇಲ್ಲ. ಸಂಜೆ ಬಸ್ಸುಗಳು ಇಳಿದು ಹೋದವೋ, ಊರು ಸ್ತಬ್ಧ. ಪ್ರಾಯದವರೆಲ್ಲ ದುಡಿಯಲಿಕ್ಕೆ ಹೊರಗೆ ಹೋಗಿದ್ದಾರೆ, ಮುದುಕರಷ್ಟೇ ಉಳಿದಿರುದು. ನಮ್ಮ ಭಟ್ಕಳ ಮಂಗಳೂರು ಕಡೆಯ ಹಾಗೇ ಅಂತಿಟ್ಟುಕೋ.

ಇವರು ಅಲ್ಲೇ ಒಂದು ರಾತ್ರಿ ಉಳಿಯುವುದು ಅಂತ ರೂಮು ಮಾಡಿದ್ದರು. ಬೆಟ್ಟದ ತುದಿಗೆ ಹೋಗಿ ಸೂರ್ಯ ಮುಳುಗುವುದನ್ನು ನೋಡಿ ಇಳಿಯುವಾಗ ತಡವಾಯಿತು. ಗೈಡ್ ಹುಡುಗಿ ಮೊದಲೇ ಇಳಿದಿದ್ದಳು. ಹೋಗುವಾಗ, "ಬಾವಿ ಹತ್ತಿರ ನಿಲ್ಲಬೇಡಿ, ಸೀದಾ ಬನ್ನಿ" ಅಂದಿದ್ದಳು. ಯಾಕೆ ಅಂತ ಇವರು ಕೇಳಲಿಲ್ಲ. ಮಂಜು ಇಳಿಯುತ್ತಾ ಇತ್ತು. ಮೆಟ್ಟಿಲ ಮೇಲೆ ಪಾಚಿ. ಅರ್ಧ ದಾರಿಯಲ್ಲಿ ಗುರುದತ್ತನ ಸ್ಯಾಂಡಲ್ಲಿನ ಪಟ್ಟಿ ಪಟ್ಟಂತ ಕಿತ್ತು ಬಂತು. ಅವನು ಆ ಕಾಲನ್ನು ಎಳೆದುಕೊಂಡೇ ಇಳಿಯುತ್ತಿದ್ದ... ಸರಕ್... ಸರಕ್...

ಬಾವಿ ಬಂತು. ಪಕ್ಕದಲ್ಲಿ ದೊಡ್ಡದೊಂದು ಮರ, ನಮ್ಮ ಆಲದ ಮರದಷ್ಟೇ ದೊಡ್ಡದು. ಬಾವಿಯೊಳಗೆ ನೀರು ಹನಿಯುವ ಸದ್ದು... ತೊಟಕ್... ತೊಟಕ್... ಅದರ ನಡುವೆ ಇನ್ನೊಂದು ಸದ್ದು.

ಸರ್‌ರ್‌ರ್...

ಸ್ವಲ್ಪ ತಡೆದು, ಮತ್ತೆ. ಸರ್‌ರ್‌ರ್...

"ರೀ... ಏನದು?"

"ಹಾವಿರ್ಬೇಕು. ಸುಮ್ನೆ ನಡಿ."

"ಹಾವು ಹೀಗೆ ನಿಲ್ಲಿಸಿ ನಿಲ್ಲಿಸಿ ಹರಿಯುತ್ತಾ?"

ಮರದ ಬುಡದಲ್ಲಿ ಒಬ್ಬಳು ಅಜ್ಜಿ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯ ಶೂ. ಅಲ್ಲಿ ಹೆಂಗಸರು ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ದಪ್ಪದ ದಬ್ಬಳದಲ್ಲಿ ಚುಚ್ಚಿ, ಮೇಣ ತಿಕ್ಕಿದ ಬಿಳಿ ನೂಲಿನಲ್ಲಿ ಒತ್ತೊತ್ತಾಗಿ ಹೊಲಿದು ಅಡಿ ಮಾಡ್ತಾರೆ. ಆ ನೂಲು ಎಳೆಯುವ ಸದ್ದು ಅದು. ಕೋಕಿಲಾಗೆ ಸಮಾಧಾನವಾಯಿತು. ಆ ಕತ್ತಲಲ್ಲಿ ದೀಪ ಇಲ್ಲದೆ ಅಜ್ಜಿಗೆ ಹೊಲಿಗೆ ಹೇಗೆ ಕಾಣುತ್ತಿತ್ತು ಅಂತ ಅವಳಿಗೆ ಹೊಳೆದದ್ದು ಆಮೇಲೆ. ಬಹಳ ಆಮೇಲೆ.

ಅಜ್ಜಿ ತಲೆ ಎತ್ತಿ ಏನೋ ಕೇಳಿದಳು. ಕೋಕಿಲಾ ಫೋನ್ ಹಿಡಿದಳು. ಮಾತು ತಿರುಗಿಸಿ ಹೇಳುವ ಆಪ್ ಬರುತ್ತದಲ್ಲ, ಅದು. ಅದರ ಕನ್ನಡ ಗೊತ್ತುಂಟಲ್ಲ ನಿನಗೆ? ಶಾಲೆಪುಸ್ತಕ ಓದಿದ ಹಾಗೆ.

"ನೀವು ಯಾವ ಊರಿನಿಂದ ಬಂದಿರುವಿರಿ?" ಅಂತ ಫೋನು ಕೇಳಿತು.

ಇಲ್ಲಿ ನೋಡು. ಮೈಸೂರು ಅನ್ನಬಹುದಿತ್ತು. ಇಂಡಿಯಾ ಅನ್ನಬಹುದಿತ್ತು. ಆದ್ರೆ ಗಲ್ಫಿನಲ್ಲಿ ಇದ್ದವರು ಹೊರಗೆ ಹೋದರೆ ಎಂತ ಹೇಳ್ತೇವೆ? ಅವಳೂ ಅದನ್ನೇ ಹೇಳಿದಳು.

"ಅಬುಧಾಬಿ."

ಅಜ್ಜಿಯ ಕೈ ನಿಂತಿತು. ಎದ್ದಳು. ಕೋಕಿಲಾಳ ಮಣಿಕಟ್ಟು ಹಿಡಿದುಕೊಂಡಳು. ಬಾವಿಯಲ್ಲಿ ಅದ್ದಿ ತೆಗೆದಷ್ಟು ತಣ್ಣಗಿನ ಕೈ. ಎದುರಿಗೇ ಅವಳ ಮನೆ. ಒಳಗೆ ಕೆಂಪು ಮಣ್ಣಿನ ನೆಲ, ಒಂದು ಮೇಜು, ಮೇಜಿನ ಮೇಲೆ ಅನ್ನದ ಬಟ್ಟಲು. ಅನ್ನದಲ್ಲಿ ಎರಡು ಕಡ್ಡಿ ನೆಟ್ಟಗೆ ಚುಚ್ಚಿಟ್ಟಿತ್ತು. ಗೋಡೆಯಲ್ಲಿ ಒಂದು ಫೋಟೋ. ಹಳದಿ ಹೆಲ್ಮೆಟ್ ಹಾಕಿದ ಹುಡುಗ, ನಗುತ್ತಾ ಇದ್ದಾನೆ. ಅವನ ಹಿಂದೆ ಕ್ರೇನು, ಮರದ ದೋಣಿಗಳು, ನೀಲಿ ನೀರು.

"ರೀ, ಇದು ಮೀನಾ! ನಮ್ಮ ಮೀನಾ ಬಂದರು, ಮೀನು ತರ್ತೀವಲ್ಲ!"

"ನನ್ನ ಮಗನು ಅಲ್ಲಿ ಇರುವನು" ಅಂತ ಫೋನು ಹೇಳಿತು. "ಅವನಿಗೆ ಪಾದರಕ್ಷೆ ಇಲ್ಲ. ಇವುಗಳನ್ನು ಅವನ ಕಾಲಿಗೆ ತೊಡಿಸಿರಿ. ಅವನು ಮನೆಗೆ ನಡೆದು ಬರುವನು."

ನೀನು ಕೇಳಬಹುದು, ಸತ್ತವನ ಫೋಟೋ ಅಂತ ಗೊತ್ತಾಗಲಿಲ್ವಾ ಅಂತ. ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ತೀರಿಹೋದವರ ಫೋಟೋಕ್ಕೆ ಹಾರ ಹಾಕ್ತಾರೆ. ಇದಕ್ಕೆ ಹಾರ ಇರಲಿಲ್ಲ. ಹಾಗಾದ್ರೆ ಬದುಕಿದ್ದಾನೆ ಅಂತಲೇ ಲೆಕ್ಕ. ತಾಯಿ ಕೈಯಾರೆ ಹೊಲಿದ ಶೂ, ದೂರದಲ್ಲಿ ದುಡಿಯುವ ಮಗ... ಕೋಕಿಲಾಳ ಕಣ್ಣಲ್ಲಿ ನೀರು ಬಂತು. "ಮುಟ್ಟಿಸ್ತೀನಿ ಅಜ್ಜಿ. ಖಂಡಿತ ಮುಟ್ಟಿಸ್ತೀನಿ" ಅಂದಳು. ಗೋಡೆಯ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡಳು.

ಗುರುದತ್ತ ಕೈ ಮುಗಿದ. "ಇಲ್ಲೂ ಪಾರ್ಸಲ್ಲಾ ತಾಯಿ? ನಿನಗೊಂದು ದೊಡ್ಡ ನಮಸ್ಕಾರ."

ಅಜ್ಜಿ ಅವನ ಕಾಲನ್ನೇ ನೋಡುತ್ತಿದ್ದಳು. ಕಿತ್ತ ಸ್ಯಾಂಡಲ್ಲಿಗೆ ಕೈ ಚಾಚಿದಳು. "ಇದನ್ನು ನಾನು ಹೊಲಿದು ಕೊಡುವೆನು" ಅಂತ ಫೋನು.

"ಬೇಡಮ್ಮ, ಲೇಟ್ ಆಗುತ್ತೆ" ಅಂದ ಅವನು. ಒಂದು ಪಿನ್ನು ಚುಚ್ಚಿಕೊಂಡು ಹೊರಟ.

ಹೊರಡುವಾಗ ಫೋನು ಇನ್ನೊಂದು ಮಾತು ಹೇಳಿತು, ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದ್ದು. "ಹಾಗಾದರೆ ಆಮೇಲೆ."

ಇನ್ನು ಏರ್‌ಪೋರ್ಟು. ಟೀ ಪುಡಿ, ಪಿಂಗಾಣಿ ಕಪ್ಪು, ರೇಷ್ಮೆ ಬಟ್ಟೆ ಅಂತ ಕೋಕಿಲಾ ಪೆಟ್ಟಿಗೆ ತುಂಬಿಸಿದ್ದಳು. ತೂಕಕ್ಕೆ ಇಟ್ಟರೆ ಕೌಂಟರಿನ ಹುಡುಗಿ ತಲೆ ಅಲ್ಲಾಡಿಸಿದಳು. ತೆಗೆಯಿರಿ. ಆಗ ನಾವು ಎಂತ ಮಾಡ್ತೇವೆ? ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ಸ್ವೆಟರ್ ಮೇಲೆ ಸ್ವೆಟರ್, ಕೋಟಿನ ಜೇಬಿಗೆ ಚಾರ್ಜರ್, ಎಲ್ಲಾ ಮೈಮೇಲೆ ಹೇರಿಕೊಳ್ತೇವೆ. ಇನ್ನೊಬ್ಬರು ಕೊಟ್ಟ ಬಳೆಯನ್ನು ಕೈಗೆ ಹಾಕಿಕೊಂಡು ಹೋಗಿ ಊರಲ್ಲಿ ಬಿಚ್ಚಿ ಕೊಡುದಿಲ್ವಾ? ನೀನೂ ಮಾಡಿದ್ದಿ, ನಾನೂ ಮಾಡಿದ್ದೇನೆ. ಆ ಬಟ್ಟೆಯ ಶೂ ನೋಡಲಿಕ್ಕೆ ಸಣ್ಣದು, ಎತ್ತಿದರೆ ಕಲ್ಲಿನಷ್ಟು ಭಾರ.

"ಇದನ್ನ ಹಾಕ್ಕೊಂಡ್ಬಿಡಿ ರೀ" ಅಂದಳು ಕೋಕಿಲಾ. "ಆ ಹರಕು ಸ್ಯಾಂಡಲ್ ಬಿಸಾಕಿ. ಅಬುಧಾಬೀಲಿ ಇಳಿದ ಮೇಲೆ ಒರೆಸಿ ಇಟ್ರಾಯ್ತು. ಯಾರಿಗೆ ಗೊತ್ತಾಗುತ್ತೆ?"

ಹಾಗೆ ಹೇಳಿದ್ದು ಅವಳೇ. ಅದನ್ನು ನೆನೆಸಿ ನೆನೆಸಿ ಅವಳು ಈಗಲೂ ಹಣೆ ಚಚ್ಚಿಕೊಳ್ತಾಳೆ.

ಗುರುದತ್ತ ಸ್ಯಾಂಡಲ್ಲನ್ನು ಅಲ್ಲಿಯೇ ಕಸದ ಡಬ್ಬಿಗೆ ಹಾಕಿದ. ಶೂ ಹಾಕಿಕೊಂಡ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು. "ಎಷ್ಟು ಹಾಯಾಗಿದೆ ಗೊತ್ತಾ" ಅಂದ. ವಿಮಾನದಲ್ಲಿ ಎಲ್ಲರೂ ಮಲಗಿದರೂ ಅವನು ಮಲಗಲಿಲ್ಲವಂತೆ. ಕೂತಲ್ಲೇ ಪಾದಗಳನ್ನು ಮೆಲ್ಲಗೆ ಒಂದಾದ ಮೇಲೊಂದು ಎತ್ತಿ ಇಡುತ್ತಿದ್ದನಂತೆ. ನಡೆಯುವವರ ಹಾಗೆ.

ಮನೆಗೆ ಬಂದ ಮೇಲೆ ಕೋಕಿಲಾ ಶೂವನ್ನು ಒರೆಸಿ ಬಾಗಿಲ ಹತ್ತಿರದ ಸ್ಟ್ಯಾಂಡಿನಲ್ಲಿ ಇಟ್ಟಳು. ಶುಕ್ರವಾರ ಮೀನಾಕ್ಕೆ ಹೋಗಿ ಹುಡುಗನನ್ನು ಹುಡುಕುವುದು ಅಂತ ಇತ್ತು. ಒಂದು ಶುಕ್ರವಾರ ಶಾಲೆಯ ಕೆಲಸ. ಇನ್ನೊಂದು ಶುಕ್ರವಾರ ಜ್ವರ. ಪಾರ್ಸಲ್ ವಿಷಯದಲ್ಲಿ ಅವಳು ತಡ ಮಾಡಿದ್ದು ಅದೊಂದೇ ಸಲ.

ಅಷ್ಟರಲ್ಲಿ ಗುರುದತ್ತ ಬದಲಾಗಲಿಕ್ಕೆ ಶುರುವಾಗಿತ್ತು. ಮೊದಲು, ಕಾಲು ತಣ್ಣಗಾಗ್ತದೆ ಅಂತ ಶೂ ಹಾಕಿಕೊಂಡ. ಮನೆಯೊಳಗೆ! ಚಪ್ಪಲಿ ಹೊರಗೆ ಬಿಟ್ಟು ಕಾಲು ತೊಳೆದು ಬರುವ ಮನುಷ್ಯ. ಕೋಕಿಲಾ ಬೈದಳು. "ಹೊಸದು ಕಣೇ" ಅಂದ. ಊಟ ಕಡಿಮೆಯಾಯಿತು. ಮಾತು ಕಡಿಮೆಯಾಯಿತು. ಸಂಜೆ ಮಸೀದಿಯಲ್ಲಿ ಮಗ್ರಿಬ್ ಬಾಂಗ್ ಆಗುವ ಹೊತ್ತಿಗೆ ಎದ್ದು ಹೋಗಿ ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತಿದ್ದ.

"ಏನ್ರೀ ನಿಂತಿದ್ದೀರಾ?"

"ಮನೆಗೆ ಹೋಗ್ಬೇಕು."

"ಮನೇಲೇ ಇದ್ದೀರಲ್ಲ."

"ಅಮ್ಮ ಕಾಯ್ತಾ ಇದ್ದಾಳೆ."

ಗುರುದತ್ತನ ಅಮ್ಮ ತೀರಿಹೋಗಿ ಎಷ್ಟೋ ಕಾಲವಾಗಿತ್ತು.

ಆ ವಾರವೇ ಅವಳಿಗೆ ಸದ್ದು ಕೇಳಿದ್ದು. ಎಸಿಯ ಗುಂಯ್ ಅನ್ನುವ ಸದ್ದಿನ ಅಡಿಯಲ್ಲಿ, ಸಣ್ಣಕೆ... ಸರ್‌ರ್‌ರ್... ತಡೆದು... ಸರ್‌ರ್‌ರ್... ಹಾಸಿಗೆಯ ಕಾಲಿನ ಕಡೆಯಿಂದ. ದೀಪ ಹಾಕಿದಳು. ಯಾರೂ ಇಲ್ಲ. ಗುರುದತ್ತ ಮಲಗಿದ್ದಾನೆ. ಹೊದಿಕೆಯ ಹೊರಗೆ ಅವನ ಪಾದ. ಬರಿ ಪಾದ. ಅಂಗಾಲಿನಲ್ಲಿ ಸಾಲು ಸಾಲು ಕೆಂಪು ಚುಕ್ಕಿ. ಸೂಜಿಮೊನೆಯಷ್ಟು. ಹಿಮ್ಮಡಿಯಿಂದ ಬೆರಳಿನವರೆಗೆ, ಒತ್ತೊತ್ತಾಗಿ, ಒಂದೂ ಸಾಲು ತಪ್ಪದೆ...

ಆ ಶೂವಿನ ಅಡಿಯ ಹೊಲಿಗೆ ಹೇಗಿತ್ತೋ ಹಾಗೆ.

ಬೆಳಿಗ್ಗೆ ನನ್ನ ಬಾಗಿಲು ಬಡಿದಳು. ಮುಖದಲ್ಲಿ ರಕ್ತ ಇರಲಿಲ್ಲ. ಎಲ್ಲ ಹೇಳಿದಳು. "ಇವರು ಹೊರಟುಹೋಗ್ತಾರೆ ಸುಶೀಲಮ್ಮ. ದಿನಾ ಒಂದೊಂದು ಹೆಜ್ಜೆ ಬಾಗಿಲಿಗೆ ಹತ್ತಿರ ಹೋಗಿ ನಿಲ್ತಾರೆ. ಒಂದಿನ ದಾಟಿಬಿಡ್ತಾರೆ" ಅಂತ ಅತ್ತಳು. ನಾನೇ ಹೇಳಿದ್ದು: ಯಾರಿಗೆ ಅಂತ ತಂದಿದ್ದಿಯೋ ಅವನಿಗೆ ಮೊದಲು ಮುಟ್ಟಿಸು ಮಾರಾಯ್ತಿ. ಮೀನಾದಲ್ಲಿ ಉಮ್ಮರಬ್ಬನ ಚಾಯದಂಗಡಿ ಉಂಟು, ಅವನಿಗೆ ಗೊತ್ತಿಲ್ಲದ ಮುಖ ಆ ಬಂದರಿನಲ್ಲಿ ಇಲ್ಲ, ಹೋಗಿ ಕೇಳು.

ಆವತ್ತೇ ಹೋದಳು. ಉಮ್ಮರಬ್ಬ ಫೋನಿನ ಫೋಟೋ ನೋಡಿದ. ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟ.

"ಇದು ನಿಮಗೆ ಎಲ್ಲಿ ಸಿಕ್ಕಿತು ತಂಗಿ?"

"ಅವರಮ್ಮ ಕೊಟ್ಟಿದ್ದಾರೆ. ಪಾರ್ಸಲ್ ಇದೆ ಅವನಿಗೆ."

ಉಮ್ಮರಬ್ಬ ದನಿ ತಗ್ಗಿಸಿದ. "ಇವ ದಿನಾ ಚಾಯಕ್ಕೆ ಬರ್ತಿದ್ದ. ಸಕ್ಕರೆ ಜಾಸ್ತಿ ಹಾಕಿ ಅಂತ ಕೈ ಸನ್ನೆ ಮಾಡ್ತಿದ್ದ. ಪಾಪದ ಹುಡುಗ. ಕಟ್ಟೆಯ ಕೆಲಸ ಆಗುವಾಗ ನೀರಿಗೆ ಬಿದ್ದ. ಡೈವರ್‌ಗಳು ಇಳಿದ್ರು, ದಿನಗಟ್ಟಲೆ ಹುಡುಕಿದ್ರು. ಮಾಫಿ, ಇಲ್ಲ. ಸಿಗಲೇ ಇಲ್ಲ. ಬೂಟು ಎರಡೂ ತೇಲಿ ಬಂತು. ಆಳು ಬರಲಿಲ್ಲ."

ಕೋಕಿಲಾಗೆ ನೆನಪಾಯಿತು. ಅವನಿಗೆ ಪಾದರಕ್ಷೆ ಇಲ್ಲ. ಅಜ್ಜಿ ಹೇಳಿದ್ದು ಅದೇ.

"ಅವನ ಸಾಮಾನು ಮನೆಯಲ್ಲಿ ಇಟ್ಟುಕೊಳ್ಳಬೇಡಿ ತಂಗಿ" ಅಂದ ಉಮ್ಮರಬ್ಬ. "ಅವನಿಗೇ ಕೊಟ್ಟುಬಿಡಿ. ಖಲಾಸ್ ಮಾಡಿ."

ಮನೆಗೆ ಬಂದರೆ ಗುರುದತ್ತ ಶೂ ಹಾಕಿಕೊಂಡು ಬಾಗಿಲಿನ ಒಳಗೇ ನಿಂತಿದ್ದಾನೆ. ಹೊಸಿಲಿಗೆ ಬೆರಳು ತಾಗಿಸಿಕೊಂಡು. ಬಿಚ್ಚಿ ಅಂದರೆ ಬಿಚ್ಚಲಿಲ್ಲ. ಕೈ ಹಾಕಿ ಎಳೆದರೆ "ಅಯ್ಯೋ" ಅಂತ ಕಿರುಚಿದ, ಚರ್ಮ ಸುಲಿದವರ ಹಾಗೆ. ಕೋಕಿಲಾ ಆ ದಿನ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ರವಿಕೆಯೊಳಗೆ ಇಟ್ಟುಕೊಂಡು, ಬಾಗಿಲಿಗೇ ಒರಗಿ ಕೂತಳು.

ಮರುದಿನ ಮಧ್ಯಾಹ್ನ ಕಳೆದ ಮೇಲೆ ಅವನು ಸ್ನಾನಕ್ಕೆ ಹೋದ. ಆಗ ಮಾತ್ರ ಶೂವನ್ನು ತಾನಾಗಿ ಬಿಚ್ಚಿದ. ಬಚ್ಚಲಿನಲ್ಲಿ ನೀರು ಬಿಟ್ಟ ಸದ್ದು ಬಂದದ್ದೇ ತಡ, ಕೋಕಿಲಾ ಶೂವನ್ನು ಚೀಲಕ್ಕೆ ತುರುಕಿ, ಹಿತಾಳ ಕೈ ಹಿಡಿದುಕೊಂಡು ಓಡಿದಳು. ಹೊರಗಿನಿಂದ ಬೀಗ ಹಾಕಿದಳು. ಹಾಕಿದ್ದೇನೆ ಅಂತ ದೇವರಾಣೆ ಹೇಳ್ತಾಳೆ. ನಾನೂ ನಮ್ಮ ಬಾಗಿಲಿನ ಕಿಂಡಿಯಲ್ಲಿ ನೋಡಿದ್ದೇನೆ, ಹಾಕಿದಳು.

ಮೀನಾದ ಕಟ್ಟೆಗೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಮೀನಿನ ಮಾರ್ಕೆಟ್ಟಿನ ಗದ್ದಲ ದೂರದಲ್ಲಿ. ಇಲ್ಲಿ ನೀರು ಕಲ್ಲಿಗೆ ಬಡಿಯುವುದೊಂದೇ... ಚಪ್... ಚಪ್... ಕೋಕಿಲಾ ಬಗ್ಗಿದಳು. ಪಿಸುಗುಟ್ಟಿದಳು.

"ನಿಮ್ಮಮ್ಮ ಕೊಟ್ಟಿದ್ದು ಕಣಪ್ಪಾ. ನಾನು ತಡ ಮಾಡ್ದೆ, ತಪ್ಪಾಯ್ತು. ತಗೋ. ನನ್ನ ಗಂಡನ್ನ ಬಿಟ್ಬಿಡು."

ಒಂದು ಶೂ ಬಿಟ್ಟಳು. ಬುಳುಕ್! ಯಾರೋ ಕೆಳಗಿನಿಂದ ಕೈ ಹಾಕಿ ಎಳೆದುಕೊಂಡ ಹಾಗೆ ಒಳಗೆ ಹೋಯಿತು. ಗುಳ್ಳೆ ಕೂಡ ಬರಲಿಲ್ಲ.

ಎರಡನೆಯದನ್ನು ಬಿಟ್ಟಳು.

ಅದು ಮುಳುಗಲಿಲ್ಲ.

ಕಲ್ಲಿನಷ್ಟು ಭಾರದ ಶೂ ರಸೀನಾ... ನೀರಿನ ಮೇಲೆ ಕೂತಿತು. ಮೆಲ್ಲಗೆ ತಿರುಗಿತು. ತುದಿ ದಡದ ಕಡೆಗೆ. ಮಸೀದಿಯಲ್ಲಿ ಮಗ್ರಿಬ್ ಬಾಂಗ್ ಶುರುವಾಯಿತು.

"ಅಮ್ಮಾ..." ಅಂದಳು ಹಿತಾ. "ಹೀ ಟುಕ್ ಓನ್ಲಿ ಒನ್."

ಕೋಕಿಲಾ ನೀರಿಗೆ ಕೈ ಚಾಚಿದಳು. ಅಲೆ ಬಂತು. ಕಣ್ಣು ಮಿಟುಕಿಸಿ ನೋಡಿದರೆ ಶೂ ಇಲ್ಲ. ಮುಳುಗಿದ್ದನ್ನು ಅವಳು ನೋಡಲಿಲ್ಲ, ಮಗಳೂ ನೋಡಲಿಲ್ಲ. ಕಟ್ಟೆಯ ಮೆಟ್ಟಿಲಿನ ಮೇಲೆ ಮಾತ್ರ ಒಂದು ಒದ್ದೆ ಗುರುತು. ಕಾಲಿನಷ್ಟು ಉದ್ದದ್ದು.

ಕಾರಿಗೆ ಓಡಿದಳು. ಗಂಡನಿಗೆ ಫೋನ್ ಮಾಡಿದಳು. ರಿಂಗ್ ಆಗಿ ಆಗಿ, ಎತ್ತಿದ.

"ರೀ, ಎಲ್ಲೂ ಹೋಗ್ಬೇಡಿ, ನಾನು ಬರ್ತಾ ಇದ್ದೀನಿ..."

"ಬಂದಿದ್ದಾನೆ ಕಣೇ" ಅಂದ ಗುರುದತ್ತ. ಎಷ್ಟೋ ದಿನದ ಮೇಲೆ ಅವನ ದನಿಯಲ್ಲಿ ಖುಷಿ ಇತ್ತು. "ಕರ್ಕೊಂಡು ಹೋಗಕ್ಕೆ ಬಂದಿದ್ದಾನೆ. ಹೊರಟೆ."

ಹಿಂದಿನಿಂದ ಒದ್ದೆ ಕಾಲಿನ ಸದ್ದು. ತಪ್... ತಪ್... ತಪ್...

ಅವಳು ಮುಸಫ್ಫಾಕ್ಕೆ ಹೇಗೆ ಬಂದು ಮುಟ್ಟಿದಳೋ ಅವಳಿಗೇ ಗೊತ್ತಿಲ್ಲ. ಬೀಗ ಹಾಕಿದ ಬಾಗಿಲು ಹಾರು ಹೊಡೆದಿತ್ತು. ಬಚ್ಚಲಿನಲ್ಲಿ ನೀರು ಇನ್ನೂ ಹರಿಯುತ್ತಿತ್ತು. ಮೇಜಿನ ಮೇಲೆ ಅವನ ಫೋನು, ಕನ್ನಡಕ, ಪರ್ಸು. ಕಪಾಟಿನಲ್ಲಿ ಪಾಸ್‌ಪೋರ್ಟು. ಅವಳ ಕೂಗು ಕೇಳಿ ನಾನು ಓಡಿ ಬಂದೆ. ಇಬ್ಬರೂ ಕೆಳಗೆ ಇಳಿದೆವು. ಬಿಲ್ಡಿಂಗು ಕಾಯುವ ನಾತೂರ್ ಬಾವ ಅಲ್ಲೇ ಸ್ಟೂಲಿನಲ್ಲಿ ಕೂತಿದ್ದ.

"ಸಾರ್ ಆಗಲೇ ಹೋದ್ರಲ್ಲ. ಫ್ರೆಂಡ್ ಒಬ್ಬರು ಜೊತೆಗಿದ್ರು" ಅಂದ.

"ಯಾವ ಫ್ರೆಂಡ್?" ಅಂದೆ ನಾನು.

"ಗೊತ್ತಿಲ್ಲಕ್ಕಾ. ಹಳದಿ ಹೆಲ್ಮೆಟ್. ಮೈಯೆಲ್ಲ ನೀರು ಸುರೀತಿತ್ತು, ಲಿಫ್ಟೆಲ್ಲ ಒದ್ದೆ ಮಾಡಿದ್ದಾರೆ ನೋಡಿ. ಇಬ್ಬರೂ ಹೆಗಲಿಗೆ ಕೈ ಹಾಕ್ಕೊಂಡು ಕುಂಟುತ್ತಾ ಹೋದ್ರು." ಬಾವ ತಲೆ ಕೆರೆದುಕೊಂಡ. "ಒಂದು ಜೊತೆ ಶೂ... ಇವರಿಗೊಂದು, ಅವರಿಗೊಂದು."

ಕೋಕಿಲಾ ರಸ್ತೆಗೆ ಓಡಿದಳು.

ಪೊಲೀಸರು ಹುಡುಕದ ಜಾಗ ಇಲ್ಲ. ಏರ್‌ಪೋರ್ಟಿನಲ್ಲಿ ಇಲ್ಲ, ಆಸ್ಪತ್ರೆಯಲ್ಲಿ ಇಲ್ಲ. ಅಷ್ಟು ದೂರದ ರುವೈಸ್ ತನಕ ವಿಚಾರಿಸಿದರು. ದೇಶ ಬಿಟ್ಟು ಹೋದ ಗುರುತಿಲ್ಲ, ದೇಶದೊಳಗೆ ಇರುವ ಗುರುತೂ ಇಲ್ಲ. ಕೋಕಿಲಾ ಕೂತಲ್ಲಿ ಕೂರಲಿಲ್ಲ. ಒಂದು ದಿನ ಚೀನಾದ ಆ ಗೈಡ್ ಹುಡುಗಿಗೆ ಮೆಸೇಜ್ ಮಾಡಿದಳು. ಬಾವಿ ಹತ್ತಿರದ ಮನೆಯ ಅಜ್ಜಿಯನ್ನು ಒಮ್ಮೆ ನೋಡಿ ಬಾ, ನನ್ನ ಕೈಯಲ್ಲಿ ಪಾರ್ಸಲ್ ಸರಿಯಾಗಿ ಮುಟ್ಟಿಸಲಿಕ್ಕೆ ಆಗಲಿಲ್ಲ ಅಂತ ಹೇಳು, ಅಂತ.

ಉತ್ತರ ಬಂತು. "ಅಜ್ಜಿ ತುಂಬಾ ಸಂತೋಷವಾಗಿದ್ದಾಳೆ. ಪಾರ್ಸಲ್ ಮುಟ್ಟಿತಂತೆ. ಮಗ ಬಂದಿದ್ದಾನಂತೆ, ಜೊತೆಗೆ ಒಬ್ಬ ಸ್ನೇಹಿತನನ್ನೂ ಕರೆತಂದಿದ್ದಾನಂತೆ. ನಾನು ಹೋದಾಗ ಇಬ್ಬರೂ ಇರಲಿಲ್ಲ. ಊಟ ಬಡಿಸಿಟ್ಟಿದ್ದಳು."

ಕೆಳಗೆ ಒಂದು ಫೋಟೋ. ಅದೇ ಕೆಂಪು ಮಣ್ಣಿನ ನೆಲ, ಅದೇ ಮೇಜು. ಮೂರು ಬಟ್ಟಲು ಅನ್ನ. ಒಂದರ ಪಕ್ಕದಲ್ಲಿ ಕಡ್ಡಿ ಮಲಗಿಸಿಟ್ಟಿತ್ತು. ಉಳಿದ ಎರಡರಲ್ಲಿ ನೆಟ್ಟಗೆ ಚುಚ್ಚಿತ್ತು.

ಹಿತಾ ಅಮ್ಮನ ಭುಜದ ಮೇಲಿನಿಂದ ನೋಡಿದಳು. ಮಗು ಸಹಜವಾಗಿಯೇ ಹೇಳಿತು, ಶಾಲೆಯಲ್ಲಿ ಕಲಿತದ್ದನ್ನು ಹೇಳುವ ಹಾಗೆ. "ಅಮ್ಮಾ, ದಟ್ಸ್ ಫಾರ್ ಡೆಡ್ ಪೀಪಲ್. ಊಟ ಮಾಡುವಾಗ ಗೈಡ್ ಆಂಟಿ ಟೋಲ್ಡ್ ಮಿ."

ನಾನು ಅಲ್ಲೇ ಇದ್ದೆ ರಸೀನಾ. ಕೋಕಿಲಾ ಅಳಲಿಲ್ಲ. ಫೋನನ್ನು ಕವುಚಿಟ್ಟು, ಎದ್ದು ಹೋಗಿ ಮಗಳಿಗೆ ಹಾಲು ಕಾಯಿಸಿದಳು. ಅತ್ತಿದ್ದರೆ ಒಳ್ಳೆಯದಿತ್ತು.

ಅದಾದ ಮೇಲೆ ಒಂದು ದಿನ ಕೊರಿಯರಿನವನು ಬಂದ. ಚೀನಾದಿಂದ. ಕಳಿಸಿದ್ದು ಗೈಡ್ ಹುಡುಗಿ, ಕೊಟ್ಟದ್ದು ಅಜ್ಜಿ. ಪಾರ್ಸಲ್ ತಂದವರಿಗೆ ವಾಪಸ್ ಏನಾದರೂ ಕೊಡದೆ ಇರ್ತಾರಾ? ಅದು ನಮ್ಮಲ್ಲಿ ಮಾತ್ರ ಅಲ್ಲ ಅಂತ ಕಾಣ್ತದೆ. ನನ್ನ ಎದುರೇ ಬಿಚ್ಚಿದಳು. ಒಳಗೆ ಬಟ್ಟೆ ಸುತ್ತಿದ ಗಂಟು. ಗಂಟಿನೊಳಗೆ...

ಗುರುದತ್ತನ ಸ್ಯಾಂಡಲ್. ಅವನು ಏರ್‌ಪೋರ್ಟಿನ ಕಸದ ಡಬ್ಬಿಗೆ ಹಾಕಿದ್ದು. ಕಿತ್ತು ಹೋದ ಪಟ್ಟಿಯನ್ನು ಬಿಳಿ ನೂಲಿನಲ್ಲಿ ಒತ್ತೊತ್ತಾಗಿ ಹೊಲಿದಿತ್ತು.

ಶಾಲೆ ಮುಗಿದ ಮೇಲೆ ಕೋಕಿಲಾ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋದಳು. ಇಲ್ಲಿ ಗಂಡನ ವೀಸಾ ಇಲ್ಲದೆ ಎಷ್ಟು ದಿನ ಇರಬಹುದು? ಹೋಗುವ ದಿನ ಬೆಳಿಗ್ಗೆ ನನ್ನ ಬಾಗಿಲು ತಟ್ಟಿದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

"ಇದನ್ನ ಊರಿಗೆ ತಗೊಂಡು ಹೋಗಕ್ಕೆ ನಂಗೆ ಧೈರ್ಯ ಇಲ್ಲ ಸುಶೀಲಮ್ಮ. ಬಿಸಾಕಕ್ಕೂ ಮನಸ್ಸಿಲ್ಲ. ಅವರು ಎಂದಾದರೂ ಈ ಬಾಗಿಲಿಗೆ ಬಂದ್ರೆ, ಬರಿಗಾಲಲ್ಲಿ ಬರ್ತಾರೆ. ನೀವು ಕೊಟ್ಬಿಡಿ. ಇದೊಂದು ಪಾರ್ಸಲ್ ಇಟ್ಕೊಳ್ಳಿ."

ಇಷ್ಟೆಲ್ಲ ನೋಡಿದ್ದೇನೆ, ಕೇಳಿದ್ದೇನೆ. ಆದ್ರೂ ನನ್ನ ಬಾಯಿಂದ ಬೇಡ ಅಂತ ಬರಲಿಲ್ಲ. ನಿನಗೆ ಬುದ್ಧಿ ಹೇಳಲಿಕ್ಕೆ ಕೂತಿದ್ದೇನೆ ನಾನು, ನೋಡು ನನ್ನ ಅವಸ್ಥೆ!

ಇದೆಲ್ಲ ಸುಳ್ಳು ಅಂತ ನಿನ್ನ ಗಂಡ ಹೇಳಬಹುದು. ಹೇಳಲಿ. ಬಾವ ಇನ್ನೂ ಕೆಳಗೇ ಇದ್ದಾನೆ, ಉಮ್ಮರಬ್ಬ ಮೀನಾದಲ್ಲೇ ಚಾಯ ಮಾಡ್ತಾನೆ, ಹೋಗಿ ಕೇಳಲಿ. ಅಷ್ಟು ದೂರ ಯಾಕೆ? ಆ ಸ್ಯಾಂಡಲ್ ಅಗೋ, ಬಾಗಿಲಿನ ಹತ್ತಿರ ಉಂಟು. ಬರುವಾಗ ಅದನ್ನು ದಾಟಿಕೊಂಡೇ ಬಂದಿದ್ದಿ ನೀನು. ನನ್ನ ಮನೆಯಲ್ಲಿ ಅದನ್ನು ಯಾರೂ ಹಾಕುದಿಲ್ಲ, ಮುಟ್ಟುದೂ ಇಲ್ಲ.

ಹೋಗುವಾಗ ಬಗ್ಗಿ ಅದರ ಅಡಿ ನೋಡು. ಕೆಂಪು ಮಣ್ಣು ಉಂಟು. ಬೆಳಿಗ್ಗೆ ನಾನು ಒರೆಸಿದ್ದೆ.